ವಿಶ್ವವಿದ್ಯಾಲಯದ ಊರಲ್ಲಿ ನೆಲೆಸೋದು ಹೇಗಿರುತ್ತೆ? ಅನುಭವ ಇದ್ದವರು ಹೇಳಿ

ನಮ್ಮಿಬ್ಬರಿಗೂ ಮನೆಯಿಂದಲೇ ಕೆಲಸ, ಮಗಳನ್ನ ಇನ್ನೇನು ಶಾಲೆಗೆ ಸೇರಿಸಬೇಕು. ಮಹಾನಗರ ಸಾಕಾಗಿದೆ. ಎರಡು ಲಕ್ಷದಷ್ಟು ಜನ, ದೊಡ್ಡ ವಿಶ್ವವಿದ್ಯಾಲಯ ಇರೋ ಊರಿಗೆ ಹೋಗೋ ಯೋಚನೆ. ಒಳ್ಳೇದು, ಕೆಟ್ಟದ್ದು ಎರಡೂ ಹೇಳಿ.

*

ಧೈರ್ಯವಾಗಿ ಹೋಗಿ. ಅಂಥ ಊರುಗಳಲ್ಲಿ ಊರಿನ ಗಾತ್ರಕ್ಕೆ ಮೀರಿದ ಸೌಲಭ್ಯ ಇರುತ್ತೆ. ವೈದ್ಯಕೀಯ ವಿಭಾಗವೂ ಇದ್ರೆ, ಅಷ್ಟೇ ದೊಡ್ಡ ಬೇರೆ ಊರಲ್ಲಿ ಕಾಣದ ತಜ್ಞ ವೈದ್ಯರು ಸಿಗ್ತಾರೆ. ಸಂಜೆಯಾದ್ರೆ ಉಪನ್ಯಾಸ, ನಾಟಕ, ಸಂಗೀತ. ಎಷ್ಟೋ ಕಾರ್ಯಕ್ರಮ ಪುಕ್ಕಟೆ. ಹಳೇ ವಿಶ್ವವಿದ್ಯಾಲಯ ಆದ್ರೆ ಸಸ್ಯೋದ್ಯಾನವೂ ಇರಬಹುದು. ನೆದರ್ಲೆಂಡ್ಸಿನ ಲೈಡನ್ ಊರಿನದು 1590ರದ್ದು, ಇವತ್ತಿಗೂ ಜನ ಅಡ್ಡಾಡ್ತಾರೆ. ಗ್ರಂಥಾಲಯದೊಳಗೆ ಹೊರಗಿನವರನ್ನ ಬಿಡ್ತಾರಾ, ಪುಸ್ತಕ ಮನೆಗೆ ಕೊಡ್ತಾರಾ ಅಂತ ಮಾತ್ರ ಮೊದಲೇ ವಿಚಾರಿಸಿ. ಎಲ್ಲ ಕಡೆ ಕೊಡಲ್ಲ.

*

ಮೇಲಿನವರು ಬಾಡಿಗೆ ವಿಷಯ ಎತ್ತಲೇ ಇಲ್ಲ! ನಾಲ್ಕು ವಿದ್ಯಾರ್ಥಿಗಳು ಹಂಚಿಕೊಂಡು ಕಟ್ಟೋ ಬಾಡಿಗೆಗೆ ಒಂದು ಸಂಸಾರ ಪೈಪೋಟಿ ಕೊಡೋಕಾಗಲ್ಲ, ಮಾಲೀಕರಿಗೂ ಅದು ಚೆನ್ನಾಗಿ ಗೊತ್ತು. ತರಗತಿ ಶುರುವಾಗೋ ಹೊತ್ತಲ್ಲಿ ಮನೆ ಹುಡುಕಲೇಬೇಡಿ. ಕ್ಯಾಂಪಸ್ ಸುತ್ತಲಿನ ಬೀದಿಗಳನ್ನ ಬಿಟ್ಟು ಶಾಲೆ ಹತ್ತಿರದ ಬಡಾವಣೆ ನೋಡಿ, ನಡುರಾತ್ರಿ ಗಲಾಟೆಯೂ ತಪ್ಪುತ್ತೆ. ಆದ್ರೂ ನಾನು ಇಲ್ಲಿಂದ ಕದಲಲ್ಲ. ಕಾರ್ಖಾನೆ ಮುಚ್ಚಬಹುದು, ಕಂಪನಿ ಗಂಟುಮೂಟೆ ಕಟ್ಟಬಹುದು, ವಿಶ್ವವಿದ್ಯಾಲಯ ಅಷ್ಟು ಸುಲಭಕ್ಕೆ ಜಾಗ ಖಾಲಿ ಮಾಡಲ್ಲ. ಅದನ್ನ ನಂಬಿದ ಅಂಗಡಿ ಮುಂಗಟ್ಟೂ ಉಳಿಯುತ್ತೆ.

*

ಓಡಾಟದ ಬಗ್ಗೆ ಒಂದೇ ಮಾತು: ನಾವು ಕಾರು ಮಾರಿಬಿಟ್ವಿ. ವಿದ್ಯಾರ್ಥಿಗಳ ಹತ್ರ ಕಾರು ಇರಲ್ಲ, ಹಾಗಾಗಿ ಬಸ್ಸು, ಸೈಕಲ್ ದಾರಿಗೆ ಒತ್ತಾಯ ಇದ್ದೇ ಇರುತ್ತೆ. ನೆದರ್ಲೆಂಡ್ಸಿನ ಗ್ರೊನಿಂಗೆನ್ 1977ರಲ್ಲೇ ಊರ ನಡುವನ್ನ ನಾಲ್ಕು ಭಾಗ ಮಾಡಿ, ಒಂದರಿಂದ ಇನ್ನೊಂದಕ್ಕೆ ಕಾರು ನೇರ ಹೋಗದ ಹಾಗೆ ಮಾಡ್ತು. ಎಲ್ಲ ಊರೂ ಅಷ್ಟು ಧೈರ್ಯ ತೋರಿಸಲ್ಲ ಬಿಡಿ.

*

ನನಗೆ ಕಷ್ಟ ಅನಿಸಿದ್ದು ಬೇರೆ. ಪರಿಚಯ ಆಗೋದೇ ತಡ, ಜನ ಹೊರಟುಬಿಡ್ತಾರೆ. ಮಗನ ಜೀವದ ಗೆಳೆಯ ಸಂಶೋಧಕರೊಬ್ಬರ ಹುಡುಗ. ಅಪ್ಪನ ಫೆಲೋಶಿಪ್ ಮುಗೀತು, ಹೋದರು. ಇವನು ವಾರಗಟ್ಟಲೆ ಮಂಕಾಗಿದ್ದ. ಅಲ್ಲೇ ಹುಟ್ಟಿ ಬೆಳೆದವರ ಸ್ನೇಹ ನಾವೇ ಮೇಲೆಬಿದ್ದು ಮಾಡ್ಕೋಬೇಕು. ರಜೆ ಬಂದ್ರೆ ಊರು ಭಣಗುಡುತ್ತೆ, ಬಸ್ಸೂ ಕಮ್ಮಿ. ನಿರ್ಧಾರಕ್ಕೆ ಮುಂಚೆ ರಜೆಯಲ್ಲೊಮ್ಮೆ ಹೋಗಿ ನೋಡಿ. ಇನ್ನೊಂದು: ನಿಮ್ಮಲ್ಲಿ ಒಬ್ಬರ ಕೆಲಸ ಹೋದ್ರೆ ಅಲ್ಲೇ ಬೇರೆ ಸಿಗುತ್ತಾ? ಬೋಧನೆ, ಆಸ್ಪತ್ರೆ ಬಿಟ್ಟರೆ ಆಯ್ಕೆ ಕಮ್ಮಿ. ಏನು ಕೆಲಸ ಅಂತ ಬರೀರಿ, ಗೊತ್ತಿದ್ದವರು ಹೇಳ್ತಾರೆ.