ನಿಂಬೆ, ದಾಸವಾಳದ ಎಲೆ ಅಂಚು ಸುಟ್ಟ ಹಾಗಾಗಿದೆ, ಬುಡದಲ್ಲಿ ಬಿಳಿ ಪುಡಿ: ಏನು ಮಾಡಲಿ?

ಕೋಲಾರದ ಹಿತ್ತಲು
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಒಂದು ತುಂಡು ಜಾಗ ಇದೆ, ಕೆಂಪು ಮಣ್ಣು. ಎರಡು ದುಂಡು ಮಲ್ಲಿಗೆ, ದಾಸವಾಳ, ಕರಿಬೇವು, ಒಂದು ನಿಂಬೆ, ಹೋದ ಮಳೆಗಾಲದಲ್ಲಿ ನೆಟ್ಟ ಮಾವಿನ ಸಸಿ. ಸಂಕ್ರಾಂತಿವರೆಗೂ ಚೆನ್ನಾಗಿಯೇ ಇದ್ದವು. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ನಿಂಬೆ, ದಾಸವಾಳದ ಎಲೆ ಅಂಚು ಕಂದಾಗಿ ಒಣಗುತ್ತಿದೆ. ಬುಡದ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆ. ನೀರು ಸಾಲದೇನೋ ಅಂತ ದಿನಾ ಎರಡು ಹೊತ್ತು ಒಂದೊಂದು ಚೊಂಬು ಹಾಕುತ್ತಿದ್ದೇನೆ. ಆರ್‌ಓ ಫಿಲ್ಟರ್‌ನಿಂದ ಆಚೆ ಹೋಗುವ ನೀರನ್ನೇ ಬಕೆಟ್‌ಗೆ ಹಿಡಿದು ಹಾಕುವುದು, ಯಾಕಂದ್ರೆ ನಮ್ಮ ಊರಲ್ಲಿ ನೀರನ್ನು ಮೋರಿಗೆ ಬಿಡಲು ಮನಸ್ಸೇ ಬರಲ್ಲ. ಪಕ್ಕದ ಮನೆಯವರು ಯೂರಿಯಾ ಹಾಕಿ ಅಂತಾರೆ. ಹಾಕಲಾ? ಮಲ್ಲಿಗೆ ಈಗ ಕತ್ತರಿಸಬಹುದಾ?

ಮಾಲೂರು ನರ್ಸರಿ
ಅಕ್ಕ, ಯೂರಿಯಾ ಬೇಡ. ಮೊದಲು ಆ ಬಕೆಟ್ ನೀರು ನಿಲ್ಲಿಸಿ. ಆರ್‌ಓ ಮಷಿನ್ ಬೋರ್ ನೀರಿನ ಉಪ್ಪನ್ನು ತೆಗೆದು ಆಚೆ ಕಳಿಸುವುದು ಆ ನೀರಿನ ಜೊತೆಗೇ. ನಮ್ಮ ಕಡೆ ಬೋರ್ ನೀರೇ ಗಡಸು, ಅದಕ್ಕಿಂತ ಜಾಸ್ತಿ ಉಪ್ಪು ಇದರಲ್ಲಿರುತ್ತೆ. ದಿನಾ ಚೊಂಬು ಚೊಂಬು ಹಾಕಿದರೆ ನೀರು ಮೇಲೆಯೇ ಆರಿ ಉಪ್ಪು ಮಾತ್ರ ಉಳಿಯುತ್ತೆ. ನೀವು ನೋಡಿದ ಬಿಳಿ ಪುಡಿ ಅದೇ ಇರಬೇಕು. ಯೂರಿಯಾ ಹಾಕಿದರೆ ಬೇರಿನ ಹತ್ತಿರ ಉಪ್ಪು ಇನ್ನೂ ಹೆಚ್ಚುತ್ತೆ. ಆ ನೀರನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಇಟ್ಟುಕೊಳ್ಳಿ, ದಂಡ ಆಗಲ್ಲ.

ಈಗ ಮೇಲಿನ ಬಿಳಿ ಪದರ ಕೆರೆದು ತೆಗೆಯಿರಿ. ನಿಮಗೆ ಸಿಗುವ ನೀರಲ್ಲಿ ಒಳ್ಳೆಯದು ಯಾವುದೋ ಅದನ್ನು ಒಂದು ಸಲ ಬುಡ ತುಂಬ ನಿಧಾನವಾಗಿ ಬಿಡಿ, ಬೇರಿನ ಕೆಳಗೆ ಇಳಿಯುವಷ್ಟು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ, ಹೊಸ ಚಿಗುರು ನೋಡಿ ಲೆಕ್ಕ ಹಾಕಿ.

ಕೋಲಾರದ ಹಿತ್ತಲು
ಅಯ್ಯೋ, ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಇವತ್ತಿಂದಲೇ ನಿಲ್ಲಿಸುತ್ತೇನೆ ಅಣ್ಣ. ಆದರೆ ನಮಗಿರುವುದು ಬೋರ್ ನೀರೇ, ಅದೂ ವಾರಕ್ಕೆ ಎರಡು ಸಲ.

ಶ್ರೀನಿವಾಸಪುರ ಮಾವು
ವಾರಕ್ಕೆ ಎರಡು ಸಲ ಸಾಕು, ತೇವ ಹಿಡಿದಿಟ್ಟರೆ. ಬುಡಕ್ಕೆ ಅಂಟಿಸಿ ಹಾಕದೆ ಕೊಂಬೆ ಹರಡಿರುವ ಅಂಚಿಗೆ ಪಾತಿ ಮಾಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ತುಂಬ ನೀರು ಬಿಟ್ಟು ಮೇಲೆ ರಾಗಿ ಹುಲ್ಲೋ ಒಣಗಿದ ಹೊಂಗೆ ಎಲೆಯೋ ದಪ್ಪಗೆ ಮುಚ್ಚಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ದಯವಿಟ್ಟು ಯಾರೂ ಉದುರಿದ ಎಲೆ ಗುಡಿಸಿ ಬೆಂಕಿ ಇಡಬೇಡಿ, ಈ ಬಿಸಿಲಲ್ಲಿ ಮಣ್ಣಿಗೆ ಅದೇ ಹೊದಿಕೆ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಧಾರಾಳವಾಗಿ ಹಾಕಿ, ಉಪ್ಪು ಬಿದ್ದಿರಬಾರದು ಅಷ್ಟೆ.

ಮಾವಿನ ಸಸಿಗೆ ಪಡುವಣ ಕಡೆ ಎರಡು ತೆಂಗಿನ ಗರಿ ನೆಟ್ಟು ನೆರಳು ಕೊಡಿ. ಸಂಜೆ ಬಿಸಿಲೇ ಅದನ್ನು ಬಾಡಿಸುವುದು. ಈ ವರ್ಷವೇ ಹೂ ಬಿಟ್ಟರೆ ಚಿವುಟಿ ಹಾಕಿ, ಹೊಟ್ಟೆ ಉರಿದರೂ ಸರಿ. ಸಸಿ ಮೊದಲು ಬೇರು ಬಿಡಲಿ.

ಗೌರಿಬಿದನೂರು ಹೂಡಬ್ಬಿ
ಮಲ್ಲಿಗೆಗೆ ಕತ್ತರಿ ಹಾಕಬೇಡಿ ಕಣ್ರೀ! ಅದನ್ನು ಚಳಿಯಲ್ಲೇ ಸವರಬೇಕಿತ್ತು. ಈಗ ಮೊಗ್ಗು ಕಟ್ಟುವ ಹೊತ್ತು, ಕತ್ತರಿಸಿದರೆ ಈ ಬೇಸಿಗೆಯ ಹೂವೇ ಹೋಗುತ್ತೆ. ಒಣ ಕಡ್ಡಿ ಮಾತ್ರ ತೆಗೆಯಿರಿ. ದಾಸವಾಳದ ತುದಿಯಲ್ಲಿ ಬಿಳಿ ಹತ್ತಿ ಥರ ಕಂಡರೆ ಅದು ಹಿಟ್ಟು ತಿಗಣೆ, ಉಪ್ಪು ಅಲ್ಲ. ಜೋರಾಗಿ ನೀರು ಹೊಡೆದು ಬೀಳಿಸಿ, ಸಂಜೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಿಂಪಡಿಸಿ.

ಮಾಲೂರು ನರ್ಸರಿ
ಇನ್ನೊಂದು ಮಾತು. ಅಶ್ವಿನಿ ಮಳೆ ಶುರುವಾಗುವುದು ಏಪ್ರಿಲ್ 14ರ ಸುಮಾರಿಗೆ. ಅಷ್ಟರೊಳಗೆ ತಾರಸಿ ಗುಡಿಸಿ, ಪೈಪಿನ ಬಾಯಿ ಪಾತಿ ಕಡೆಗೆ ತಿರುಗಿಸಿಡಿ. ಮಳೆ ನೀರಲ್ಲಿ ಉಪ್ಪು ಇಲ್ಲದಷ್ಟು ಕಡಿಮೆ. ಒಂದು ಒಳ್ಳೆ ಮಳೆ ಬಿದ್ದರೂ ಬೇರಿನ ಸುತ್ತ ಕೂತಿರುವುದು ಕೆಳಗೆ ಇಳಿದು ಹೋಗುತ್ತೆ. ಗೊಬ್ಬರ ಆಮೇಲೆ, ಅದೂ ಹೊಂಗೆ ಹಿಂಡಿ ಒಂದೆರಡು ಹಿಡಿ.

ಕೋಲಾರದ ಹಿತ್ತಲು
ಬಿಳಿ ಪದರ ಕೆರೆದು ತೆಗೆದೆ, ಅರ್ಧ ಬಾಂಡಲಿ ಬಂತು. ರಾಗಿ ಹುಲ್ಲು ನಾಳೆ ಅಮ್ಮನ ಊರಿಂದ ತರಿಸುತ್ತೇನೆ. ಚಿಗುರು ಬಂದ ದಿನ ಇಲ್ಲೇ ಫೋಟೋ ಹಾಕುತ್ತೇನೆ.