ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಡಿದುಹೋಗುವ ಇಂಟರ್ನೆಟ್

ಲೆಕ್ಕದ ಮೇಡಂ, ಸರಸ್ವತಿಪುರಂ, ಮೈಸೂರು:
ಮಾರ್ಚ್‌ನಲ್ಲಿ ಫೈಬರ್ ಸಂಪರ್ಕ ಹಾಕಿಸಿದೆವು. ಬೇಸಿಗೆಯಿಡೀ ತಕರಾರಿರಲಿಲ್ಲ. ಮಳೆ ಹಿಡಿದಾಗಿನಿಂದ ಸಂಜೆಯಾದರೆ ಸಾಕು, ಕಡಿದುಹೋಗುತ್ತದೆ. ಒಮ್ಮೆ ಬಂದಂತೆ ಮಾಡಿ ಐದು ನಿಮಿಷಕ್ಕೆ ಮತ್ತೆ ಮಾಯ. ಆರೂವರೆಗೆ ಹತ್ತನೇ ತರಗತಿಯ ಮಕ್ಕಳಿಗೆ ನನ್ನ ಆನ್‌ಲೈನ್ ಪಾಠ. ನಿನ್ನೆ ವರ್ಗ ಸಮೀಕರಣದ ಸೂತ್ರ ಬರೆಯುತ್ತಾ ವರ್ಗಮೂಲದ ಚಿಹ್ನೆ ಹಾಕುವಷ್ಟರಲ್ಲಿ ಪರದೆ ನಿಂತುಹೋಯಿತು. ಮಕ್ಕಳು ಸೂತ್ರ ಅಷ್ಟೇ ಎಂದುಕೊಂಡು ಪುಸ್ತಕ ಮುಚ್ಚಿದ್ದಾರೆ.

ನಾಲ್ಕು ಸಲ ದೂರು ಕೊಟ್ಟೆ. ಎರಡು ಸಲ ಹುಡುಗ ಬಂದ, ಎರಡೂ ಸಲ ಬೆಳಗ್ಗೆ ಹನ್ನೊಂದಕ್ಕೆ. ಆಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಫ್ ಮಾಡಿ ಆನ್ ಮಾಡಿ ಎಂಬ ಮಂತ್ರೋಪದೇಶ ಮಾಡಿ ಹೋದ.

ಡೈರಿಯಲ್ಲಿ ಬರೆದಿಟ್ಟದ್ದು: ಸೋಮವಾರ 6.20, ಮಂಗಳವಾರ ಇಲ್ಲ, ಬುಧವಾರ 6.15, ಗುರುವಾರ 6.20. ಬೆಳಗ್ಗೆ ತಾನಾಗಿಯೇ ಸರಿಹೋಗಿರುತ್ತದೆ.

ವಿಜಯನಗರ ಎರಡನೇ ಹಂತ:
ಸಂಜೆ ಬೀದಿಯವರೆಲ್ಲ ಒಟ್ಟಿಗೆ ಬಳಸುತ್ತಾರೆ, ಅದಕ್ಕೇ ಇರಬೇಕು. ವೈಫೈ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿ. ನಮ್ಮ ಮನೆಯಲ್ಲಿ ಮೈಕ್ರೋವೇವ್ ಒಲೆ ಹಾಕಿದರೆ 2.4 ಗಿಗಾಹರ್ಟ್ಸ್‌ನ ವೈಫೈ ತಡವರಿಸುತ್ತದೆ.

ಮಂಡ್ಯದ ಕೇಬಲ್‌ನವನು:
ಮೇಡಂ, ಕಡಿದುಹೋದಾಗ ಫೈಬರ್ ತಂತಿ ಬಂದು ಸೇರುವ ಡಬ್ಬಿಯ ಮೇಲಿನ ದೀಪಗಳನ್ನು ನೋಡಿ. ಎಲ್‌ಓಎಸ್ ಎಂಬ ದೀಪ ಕೆಂಪಗೆ ಮಿಣುಕುತ್ತಿದ್ದರೆ ತಂತಿಯೊಳಗೆ ಇಂಟರ್ನೆಟ್ ಹೊತ್ತು ತರುವ ಬೆಳಕೇ ನಿಮ್ಮ ಡಬ್ಬಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಬಳಕೆದಾರರು ಹೆಚ್ಚಾದರೆ ವೇಗ ಕುಗ್ಗುತ್ತದೆಯೇ ಹೊರತು ಆ ದೀಪ ಕೆಂಪಾಗುವುದಿಲ್ಲ. ವೈಫೈ ದೋಷಕ್ಕೂ ಅದು ಉರಿಯುವುದಿಲ್ಲ.

ಡಬ್ಬಿಯ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂದು ಮೈನಸ್ ಅಂಕಿ ಇರುತ್ತದೆ, ಡಬ್ಬಿಗೆ ಮುಟ್ಟುವ ಬೆಳಕಿನ ಬಲ ಅದು. ಸಾಮಾನ್ಯವಾಗಿ −27 ಡಿಬಿಎಂ ದಾಟಿ ಕೆಳಗಿಳಿದರೆ ಸಂಪರ್ಕ ಉಳಿಯುವುದು ಕಷ್ಟ. ಹಗಲು ಒಮ್ಮೆ, ಸಂಜೆ ಒಮ್ಮೆ ಬರೆದುಕೊಳ್ಳಿ. ತಂತಿಯ ತುದಿ ಬಿಚ್ಚಿ ಕಣ್ಣಿಟ್ಟು ನೋಡಬೇಡಿ. ಒಳಗೆ ಬರುವುದು 1490 ನ್ಯಾನೋಮೀಟರಿನ ಲೇಸರ್. ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಹುದು.

ತಂತಿ ಎಲ್ಲಾದರೂ ಮಡಿಚಿದೆಯೇ ನೋಡಿ. ಮದ್ದೂರು ವಡೆಗಿಂತ ಚಿಕ್ಕದಾಗಿ ಸುತ್ತಬಾರದು ಎಂದು ನಾನು ಹುಡುಗರಿಗೆ ಹೇಳುವುದುಂಟು. ಅಂದ ಹಾಗೆ, ಮಂಗಳವಾರ ಮನೆಯಲ್ಲಿ ಬೇರೆ ಏನು ನಡೆಯಿತು?

ಲೆಕ್ಕದ ಮೇಡಂ:
ಮಂಗಳವಾರ ನಮ್ಮ ಅತ್ತೆ ನಂಜನಗೂಡಿಗೆ ಹೋಗಿದ್ದರು! ಮಳೆ ಹಿಡಿದ ಮೇಲೆ ಸೊಳ್ಳೆ ಕಾಟ, ಸಂಜೆ ದೇವರ ದೀಪ ಹಚ್ಚುವ ಮೊದಲು ಅವರು ಕಿಟಕಿಗಳನ್ನೆಲ್ಲ ಮುಚ್ಚುತ್ತಾರೆ. ನಡುಮನೆಯ ಕಿಟಕಿಯ ಮೂಲೆಯಿಂದಲೇ ಆ ಹುಡುಗ ತಂತಿ ಒಳಗೆ ತಂದಿದ್ದಾನೆ. ಹಳೆಯ ತೇಗದ ಕಿಟಕಿ, ಮಳೆಗೆ ಉಬ್ಬಿದೆ, ಗುದ್ದಿದರೆ ಮಾತ್ರ ಚಿಲಕ ಬೀಳುತ್ತದೆ. ಬೇಸಿಗೆಯಲ್ಲಿ ರಾತ್ರಿಯೂ ತೆರೆದೇ ಇರುತ್ತಿತ್ತು.

ಆ ಕಿಟಕಿ ತೆರೆದಾಗ ಆರ್‌ಎಕ್ಸ್ ಪವರ್ −21, ಮುಚ್ಚಿದಾಗ −29, ಕೆಂಪು ದೀಪ. ಎಂಟು ಡೆಸಿಬೆಲ್ ವ್ಯತ್ಯಾಸ. ಬೆಳಕು ಹೆಚ್ಚುಕಡಿಮೆ ಆರನೇ ಒಂದು ಭಾಗಕ್ಕೆ ಇಳಿದಿದೆ. ಮೂರು ಸಲ ಮುಚ್ಚಿ ತೆರೆದು ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಮಂಡ್ಯದ ಕೇಬಲ್‌ನವನು:
ಇನ್ನು ಮುಚ್ಚಿ ನೋಡುವ ಪರೀಕ್ಷೆ ಸಾಕು, ಒಳಗಿನ ಗಾಜಿನ ಎಳೆ ಪೂರ್ತಿ ತುಂಡಾದೀತು. ನಜ್ಜಿದ ಭಾಗ ತೆಗೆಸಿ, ಗೋಡೆಗೆ ತೂತು ಕೊರೆಸಿ ತರಿಸಿ. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಮಳೆನೀರು ಒಳಗೆ ಬರುವುದಿಲ್ಲ.

ಲೆಕ್ಕದ ಮೇಡಂ:
ಸದ್ಯಕ್ಕೆ ಆ ಒಂದು ಕಿಟಕಿ ತೆರೆದಿದೆ, ಕೆಳಗೆ ಸೊಳ್ಳೆಬತ್ತಿ ಉರಿಯುತ್ತಿದೆ, ಅತ್ತೆ ಮಾತು ಬಿಟ್ಟಿದ್ದಾರೆ. ಶನಿವಾರ ಹುಡುಗ ಬರುತ್ತಾನಂತೆ. ಬೆಳಗ್ಗೆ ಹನ್ನೊಂದಕ್ಕೆ.