17 ವರ್ಷದ ಕಾರ್ಪೊರೇಟ್ ಕೆಲಸ ಹೋಯಿತು: ಮರಗೆಲಸವನ್ನೇ ವೃತ್ತಿಯಾಗಿಸಿಕೊಳ್ಳಬಹುದೇ?

ಪ್ರಶ್ನೆ: ಯೋಜನಾ ವಿಭಾಗದವನು

ನನಗೆ ಈಗ 44 ವರ್ಷ. ಗೃಹೋಪಯೋಗಿ ಯಂತ್ರಗಳನ್ನು ತಯಾರಿಸುವ ದೊಡ್ಡ ಕಂಪನಿಯೊಂದರ ಸಪ್ಲೈ ಚೈನ್ ವಿಭಾಗದಲ್ಲಿ 17 ವರ್ಷ ದುಡಿದೆ. ಯಾವ ಬಿಡಿಭಾಗ ಯಾವ ವಾರ ಎಷ್ಟು ಬೇಕು, ಅದನ್ನು ಎಂದು ತರಿಸಬೇಕು, ಒಂದು ಸಾಮಾನು ತಡವಾದರೆ ಯಾವ ಕೆಲಸವನ್ನು ಮುಂದೂಡಿ ಯಾವುದನ್ನು ಮೊದಲೇ ಮಾಡಿಸಬೇಕು ಎಂಬುದನ್ನು ನಿರ್ಧರಿಸುವುದೇ ನನ್ನ ಕೆಲಸವಾಗಿತ್ತು. ಮೂರು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೊ ಮೀಟಿಂಗ್‌ಗೆ ಕರೆ ಬಂತು; ಅದು ಒಂಬತ್ತು ನಿಮಿಷಕ್ಕೇ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಇಮೇಲ್ ತೆರೆಯುತ್ತಿರಲಿಲ್ಲ. ಮರುದಿನ ಲ್ಯಾಪ್‌ಟಾಪ್ ಒಯ್ಯಲು ಬಂದ ಕೊರಿಯರ್ ಹುಡುಗ, ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ಅರವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದೇನೆ. ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು, ಎರಡೂ ಮುಂದಕ್ಕೆ ಹೋಗಲಿಲ್ಲ. ಈ ನಡುವೆ ಬೇರೊಂದು ಯೋಚನೆ ಬಲವಾಗುತ್ತಿದೆ. ಹನ್ನೊಂದು ವರ್ಷಗಳಿಂದ ರಜೆಯ ದಿನಗಳಲ್ಲಿ ಮರಗೆಲಸ ಮಾಡುತ್ತ ಬಂದಿದ್ದೇನೆ. ಮನೆಯ ಪುಸ್ತಕದ ಕಪಾಟು, ಓದುವ ಮೇಜು, ತಂಗಿಯ ಮಗುವಿನ ತೊಟ್ಟಿಲು ಎಲ್ಲವೂ ನನ್ನ ಕೈಯವೇ. ಉಜ್ಜುಗೊರಡು ಹಿಡಿದು ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಂಪನಿ ಕೊಟ್ಟ ಇಡಿಗಂಟಿನಲ್ಲಿ ಅರ್ಧವನ್ನು ಹಾಕಿ, ಯಂತ್ರಗಳನ್ನು ಕೊಂಡು, ಒಂದು ಶೆಡ್ ಬಾಡಿಗೆಗೆ ಹಿಡಿಯಬೇಕೆಂದಿದ್ದೇನೆ. ಮುಂಗಡ ಕೊಡಬೇಕಾದ ದಿನ ಹತ್ತಿರ ಬರುತ್ತಿದೆ.

ಇದು ಧೈರ್ಯವೋ, ಕೆಲಸ ಸಿಗದ ಹತಾಶೆಯೋ ನನಗೇ ತಿಳಿಯುತ್ತಿಲ್ಲ. ಹೀಗೆ ಪೂರ್ತಿ ದಾರಿ ಬದಲಿಸಿದವರು ಇದ್ದರೆ ದಯವಿಟ್ಟು ಹೇಳಿ. ಇನ್ನೊಂದು ಮಾತು, ಕೇಳಲು ಸಂಕೋಚ: ಹೊಸಬರಿಗೆ ಪರಿಚಯ ಹೇಳಿಕೊಳ್ಳುವಾಗ ಹೆಸರಿನ ನಂತರ ಏನು ಹೇಳುತ್ತೀರಿ?

ಉತ್ತರ: ಹಗಲುಬತ್ತಿ

ಶೆಡ್‌ನ ಮುಂಗಡವನ್ನು ಸದ್ಯಕ್ಕೆ ಕೊಡಬೇಡಿ. ಕಾರಣವನ್ನು ಆಮೇಲೆ ಹೇಳುತ್ತೇನೆ.

ನಾನು 12 ವರ್ಷ ಎಚ್‌ಆರ್ ವಿಭಾಗದಲ್ಲಿದ್ದವಳು. ನಿಮಗೆ ಬಂದಂಥ ಒಂಬತ್ತು ನಿಮಿಷದ ಕರೆಗಳನ್ನು ನಾನೇ ಮಾಡಿದ್ದೇನೆ. ಕೊನೆಗೊಂದು ದಿನ ಕೆಲಸದಿಂದ ತೆಗೆಯಬೇಕಾದವರ ಪಟ್ಟಿಯ ತುದಿಯಲ್ಲಿ ನನ್ನ ಹೆಸರೂ ಇತ್ತು. ಈಗ ವಯಸ್ಕರಿಗೆ ಕಂಪ್ಯೂಟರ್ ಕಲಿಸುವ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತೇನೆ. ಆ ಕರೆಗಳನ್ನು ಮಾಡಿದವಳಾಗಿ ಹೇಳುತ್ತೇನೆ: ಪಟ್ಟಿಗಳನ್ನು ಬಹುಪಾಲು ವಿಭಾಗದ ವೆಚ್ಚ ನೋಡಿ ತಯಾರಿಸುತ್ತಿದ್ದರು, ವ್ಯಕ್ತಿಯ ಕೆಲಸ ನೋಡಿ ಅಲ್ಲ. ಕರೆ ಸ್ವೀಕರಿಸಿದವರು ಮಾತ್ರ ವರ್ಷಗಟ್ಟಲೆ ತಮ್ಮ ತಪ್ಪನ್ನೇ ಹುಡುಕುತ್ತಿರುತ್ತಾರೆ.

ಹಣದ ವಿಷಯಕ್ಕೆ ಬರೋಣ. ಇಡಿಗಂಟನ್ನು ಮೊತ್ತವಾಗಿ ನೋಡಿದರೆ ದೊಡ್ಡದಾಗಿ ಕಾಣುತ್ತದೆ, ತಿಂಗಳುಗಳಾಗಿ ಎಣಿಸಿ. ಬಾಡಿಗೆ, ಸಾಲದ ಕಂತು, ಮಕ್ಕಳ ಶುಲ್ಕ, ವಿಮೆ ಇವುಗಳನ್ನೆಲ್ಲ ಸೇರಿಸಿ ತಿಂಗಳಿಗೆ ಬೇಕೇಬೇಕಾದ ಖರ್ಚಿನಿಂದ ಅದನ್ನು ಭಾಗಿಸಿ. ಹದಿನಾಲ್ಕು ತಿಂಗಳು ಬಂತೆನ್ನಿ; ಆಗ ಹೊಸ ಪ್ರಯೋಗಕ್ಕೆ ಎಂಟು ತಿಂಗಳು, ಅದು ಕೈಕೊಟ್ಟರೆ ಮತ್ತೆ ಸಂಬಳದ ಕೆಲಸ ಹುಡುಕಲು ಆರು ತಿಂಗಳು ಎಂದು ಕಾಗದದ ಮೇಲೆ ಗೆರೆ ಎಳೆದುಕೊಳ್ಳಿ. ಕೆಲಸ ಹುಡುಕುವುದಕ್ಕೂ ತಿಂಗಳುಗಳೇ ಬೇಕಾಗುತ್ತವೆ ಎಂಬುದನ್ನು ಮರೆತು, ಗಂಟು ಪೂರ್ತಿ ಕರಗಿದ ಮೇಲೆ ಅರ್ಜಿ ಹಾಕಲು ಕುಳಿತವರನ್ನು ಬಹಳ ನೋಡಿದ್ದೇನೆ. ಶೆಡ್ ಹಿಡಿದು ಯಂತ್ರ ಕೊಂಡ ದಿನವೇ ಆ ಹದಿನಾಲ್ಕು ಏಳಾಗುತ್ತದೆ. ನಾನು ಬೇಡವೆಂದದ್ದು ಅದಕ್ಕಾಗಿ.

ಅರವತ್ತು ಅರ್ಜಿಗಳ ಬಗ್ಗೆಯೂ ಒಂದು ಮಾತು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ ಆಗಷ್ಟೇ ಕೆಲಸ ಬದಲಿಸಿದ್ದ ವೃತ್ತಿಪರರನ್ನು ವಿಚಾರಿಸಿದ್ದರು. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಶೇ 17ರಷ್ಟು ಮಂದಿಗೆ ಮಾತ್ರ ಆ ಸುದ್ದಿ ಆಗಾಗ ಭೇಟಿಯಾಗುತ್ತಿದ್ದವರಿಂದ ಬಂದಿತ್ತು. ಶೇ 56ರಷ್ಟು ಮಂದಿಗೆ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಶೇ 28ರಷ್ಟು ಮಂದಿಗೆ ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಸಿಗುವಂಥವರಿಂದ. ಯೋಚಿಸಿದರೆ ಇದು ಸಹಜವೇ. ಹತ್ತಿರದ ಗೆಳೆಯರಿಗೆ ತಿಳಿದಿರುವುದು ಬಹುತೇಕ ನಮಗೂ ತಿಳಿದಿರುತ್ತದೆ. ನಮ್ಮ ವಲಯದ ಆಚೆಗಿನ ಸುದ್ದಿ ತರುವವರು ದೂರದ ಪರಿಚಯದವರು. 17 ವರ್ಷಗಳಲ್ಲಿ ನಿಮಗೆ ಸಾಮಾನು ಒದಗಿಸಿದ ಸಣ್ಣ ಪೂರೈಕೆದಾರರು ಎಷ್ಟು ಮಂದಿ ಇರಬಹುದು? ಅವರಿಗೆ ಫೋನ್ ಮಾಡಿ. ಕೆಲಸ ಕೇಳಬೇಡಿ, ಅವರ ಈಗಿನ ತಲೆನೋವು ಏನೆಂದು ಕೇಳಿ.

ಉತ್ತರ: ಮಸುಕು ನೆಗೆಟಿವ್

ಎಲ್ಲರೂ ಹುರಿದುಂಬಿಸುವ ಮೊದಲು ಸೋತವನ ಮಾತನ್ನೂ ಕೇಳಿಸಿಕೊಳ್ಳಿ.

ವಿಮಾ ಕಂಪನಿಯ ಕೆಲಸ ಹೋದ ಮೇಲೆ ನಾನು ಛಾಯಾಗ್ರಾಹಕನಾದೆ. ಅದೂ ನಿಮ್ಮಂತೆಯೇ ರಜೆಯ ದಿನಗಳ ಹುಚ್ಚು, ನಿಮ್ಮಂತೆಯೇ ಇಡಿಗಂಟಿನಿಂದ ಕೊಂಡ ಕ್ಯಾಮೆರಾ. ಎರಡು ವರ್ಷ ನಡೆಸಿದೆ. ಮೊದಲ ಆರು ತಿಂಗಳಲ್ಲೇ ತಿಳಿದದ್ದೇನೆಂದರೆ, ವಾರದ ಐವತ್ತು ಗಂಟೆಗಳಲ್ಲಿ ಕ್ಯಾಮೆರಾ ಕೈಯಲ್ಲಿರುವುದು ಎಂಟೋ ಹತ್ತೋ ಗಂಟೆ ಮಾತ್ರ. ಉಳಿದದ್ದು ದರ ಹೇಳುವುದು, ಗಿರಾಕಿ ಚೌಕಾಸಿ ಮಾಡಿದಾಗ ನಗುತ್ತಲೇ ಇರುವುದು, ಆಲ್ಬಮ್ ಮೂರನೆಯ ಸಲ ತಿದ್ದುವುದು, ಬಾಕಿ ವಸೂಲಿಗೆ ಅಲೆಯುವುದು. ಇಷ್ಟದ ಕೆಲಸ ಮಾಡಿದರೆ ಕೆಲಸವೆನಿಸುವುದಿಲ್ಲ ಎನ್ನುವವರು ಯಾರೂ ಬಾಕಿ ವಸೂಲಿ ಮಾಡಿದವರಲ್ಲವೆಂದು ಕಾಣುತ್ತದೆ. ಕೊನೆಗೆ ಉಳಿದ ನಷ್ಟ ಹಣದ್ದಷ್ಟೇ ಅಲ್ಲ. ಈಗ ರಜೆಯ ದಿನ ಕ್ಯಾಮೆರಾ ಮುಟ್ಟಲು ಮನಸ್ಸಾಗುವುದಿಲ್ಲ.

ಆದಾಯದ ಬಗ್ಗೆಯೂ ಕಣ್ಣು ತೆರೆದಿರಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಒಂದೇ ಕಂಪನಿಯಲ್ಲಿ ಬಹುಕಾಲ ದುಡಿದು ಕೆಲಸ ಕಳೆದುಕೊಂಡವರ ಗಳಿಕೆಯನ್ನು ಮೂವರು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕಹಾಕಿ, 1993ರಲ್ಲಿ ಪ್ರಕಟಿಸಿದರು. ಐದು ವರ್ಷ ಕಳೆದ ಮೇಲೂ ಅವರ ಗಳಿಕೆ, ಕೆಲಸ ಉಳಿದಿದ್ದರೆ ಇರಬಹುದಾಗಿದ್ದಕ್ಕಿಂತ ಶೇ 25ರಷ್ಟು ಕಡಿಮೆ ಇತ್ತು. ಬಹುಕಾಲ ಒಂದೆಡೆ ಇದ್ದವರ ಜ್ಞಾನದಲ್ಲಿ ಒಂದು ಪಾಲು ಆ ಕಂಪನಿಯೊಳಗೆ ಮಾತ್ರ ಚಲಾವಣೆಯ ನಾಣ್ಯ ಎಂಬುದು ಇದಕ್ಕೆ ಒಂದು ಕಾರಣ. ಹಳೆಯ ಸಂಬಳವನ್ನು ಅಳತೆಗೋಲಾಗಿ ಹಿಡಿದುಕೊಂಡು ಹೊಸ ವೃತ್ತಿಗೆ ಇಳಿದರೆ ಮೊದಲ ವರ್ಷವೇ ಸೋತೆನೆಂದು ಅನ್ನಿಸಿಬಿಡುತ್ತದೆ.

ಮಾಡಬೇಡಿ ಎನ್ನುತ್ತಿಲ್ಲ. ಯಂತ್ರ ಕೊಳ್ಳುವ ಮೊದಲು ಇನ್ನೊಬ್ಬರ ಕಾರ್ಖಾನೆಯಲ್ಲಿ ಒಂದು ತಿಂಗಳು ಕೂಲಿಯಿಲ್ಲದೆಯಾದರೂ ನಿಂತು ನೋಡಿ. ಬೆಳಿಗ್ಗೆ ಬಾಗಿಲು ತೆರೆಯುವಾಗ ಅಲ್ಲಿರಿ, ಗಿರಾಕಿ ಬಂದು ಕೂಗಾಡುವಾಗಲೂ ಅಲ್ಲಿರಿ. ನಾನು ಮಾಡದೇ ಹೋದದ್ದು ಅದನ್ನೇ. ಈಗ ನಾನು ನಾಲ್ಕು ಸಣ್ಣ ಸ್ಟುಡಿಯೊಗಳ ಲೆಕ್ಕಪತ್ರ, ವಸೂಲಿ, ವಿಮೆ ನೋಡಿಕೊಳ್ಳುತ್ತೇನೆ. ಹಳೆಯ ವೃತ್ತಿಯೂ ಹೊಸ ವೃತ್ತಿಯೂ ಸೇರಿದ ಜಾಗ ಅದು. ಮೊದಲ ದಿನ ಮನೆಯಲ್ಲಿ ಕುಳಿತು ಯೋಚಿಸಿದ್ದರೆ ನನಗದು ಹೊಳೆಯುತ್ತಲೇ ಇರಲಿಲ್ಲ.

ಉತ್ತರ: ಎರಡನೆಯ ಪಾಳಿ

ಮೇಲಿನವರು ಹಣ ಮತ್ತು ವೃತ್ತಿಯ ಬಗ್ಗೆ ಹೇಳಿದ್ದಾರೆ. ನಾನು ದಿನದ ಬಗ್ಗೆ ಮಾತ್ರ ಹೇಳುತ್ತೇನೆ. ಆಸ್ಟ್ರಿಯಾದ ಮಾರಿಯೆಂಥಾಲ್ ಎಂಬ ಹಳ್ಳಿಯ ಬಟ್ಟೆ ಗಿರಣಿ ಮುಚ್ಚಿದ ಮೇಲೆ, 1930ರ ದಶಕದ ಆರಂಭದಲ್ಲಿ ಸಮಾಜ ಮನೋವಿಜ್ಞಾನಿ ಮಾರೀ ಯಾಹೋಡ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ಜನರನ್ನು ಗಮನಿಸಿದರು. ಬಿಡುವು ಬೇಕಾದಷ್ಟಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತ, ಆಗಾಗ ನಿಲ್ಲುತ್ತಿದ್ದರು. ಮನೆಗೆಲಸವಿದ್ದ ಹೆಂಗಸರು ಬಿರುಸಾಗಿಯೇ ನಡೆಯುತ್ತಿದ್ದರು. ಸಂಬಳದ ಜೊತೆಗೆ ಕೆಲಸವು ದಿನಕ್ಕೊಂದು ಆಕಾರವನ್ನೂ ಕೊಟ್ಟಿರುತ್ತದೆ ಎಂಬುದನ್ನು ಯಾಹೋಡ ಮುಂದೆ ವಿವರವಾಗಿ ಬರೆದರು. ನನ್ನ ಕೆಲಸ ಹೋದಾಗ ನಾನೂ ಅಡುಗೆಮನೆಯಿಂದ ಹಜಾರಕ್ಕೆ ಹಾಗೆಯೇ ನಡೆಯುತ್ತಿದ್ದೆ.

ನನಗೆ ನೆರವಾದದ್ದು ಬರೆಯುವುದು. 1994ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲಸ ಕಳೆದುಕೊಂಡ 63 ವೃತ್ತಿಪರರು ಪಾಲ್ಗೊಂಡಿದ್ದರು. ಕೆಲಸ ಹೋದಾಗ ಮನಸ್ಸಿಗೆ ಆದದ್ದನ್ನು ಐದು ದಿನ, ದಿನಕ್ಕೆ 20 ನಿಮಿಷ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತ್ತು. ಅವರು ಹೆಚ್ಚು ಅರ್ಜಿಗಳನ್ನೇನೂ ಹಾಕಿರಲಿಲ್ಲ. ಒಳಗಿನ ಸಿಟ್ಟು ಸಂದರ್ಶನದ ಕೋಣೆಯಲ್ಲಿ ಹೊರಬೀಳದಂತೆ ಅದು ಮೊದಲೇ ಕಾಗದದ ಮೇಲೆ ಬಿದ್ದಿತ್ತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಪರಿಚಯದ ಪ್ರಶ್ನೆಗೆ: ನಾನು ಹುದ್ದೆ ಹೇಳುವುದನ್ನು ಬಿಟ್ಟು, ಆ ವಾರ ಮಾಡುತ್ತಿರುವ ಕೆಲಸವನ್ನು ಹೇಳತೊಡಗಿದೆ. "ಈ ವಾರ ಹಳೆಯ ಪಂಪ್ ಬಿಚ್ಚಿ ಕಲಿಯುತ್ತಿದ್ದೇನೆ" ಎಂದರೆ ಯಾರೂ ಅಯ್ಯೋ ಪಾಪ ಎನ್ನುವುದಿಲ್ಲ, ಮುಂದಿನ ಪ್ರಶ್ನೆ ಪಂಪಿನ ಬಗ್ಗೆಯೇ ಬರುತ್ತದೆ.

ಎರಡು ತಿಂಗಳ ನಂತರ: ಯೋಜನಾ ವಿಭಾಗದವನು

ಮೂವರಿಗೂ ಧನ್ಯವಾದಗಳು. ಶೆಡ್ ಹಿಡಿಯಲಿಲ್ಲ.

ಹಗಲುಬತ್ತಿ ಅವರು ಹೇಳಿದಂತೆ ಹಳೆಯ ಪೂರೈಕೆದಾರರಿಗೆ ಫೋನ್ ಮಾಡಿದೆ. ನಮಗೆ ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡುತ್ತಿದ್ದ, ನಾಲ್ಕು ವರ್ಷಗಳಿಂದ ಮಾತೇ ಆಡಿರದ ಒಬ್ಬರು ಈಗ ಪೀಠೋಪಕರಣದ ಕಾರ್ಖಾನೆ ನಡೆಸುತ್ತಿದ್ದಾರೆ. ಬಂದು ನಿಂತು ನೋಡಲು ಒಪ್ಪಿದರು. ಒಂಬತ್ತು ಜನ ಕೆಲಸಗಾರರಿದ್ದಾರೆ. ಮೊದಲ ವಾರವೇ ನನ್ನ ಒಂದು ಭ್ರಮೆ ಹರಿಯಿತು: ನಾನು ಒಂದು ದಿನವಿಡೀ ಕುಳಿತು ಮಾಡುವ ಡ್ರಾಯರನ್ನು ಅಲ್ಲಿನ ಹಿರಿಯ ಬಡಗಿ ಊಟದ ಹೊತ್ತಿಗೆ ಮುಗಿಸಿ, ನನ್ನದಕ್ಕಿಂತ ನಯವಾಗಿ ಒಳಗೆ ಜಾರುವಂತೆ ಕೂರಿಸಿದರು. ಆ ವೇಗಕ್ಕೆ ನಾನು ಬರಬೇಕಾದರೆ ಐದಾರು ವರ್ಷ ಬೇಕು, ಆಗ ನನಗೆ ಐವತ್ತು.

ಎರಡನೆಯ ವಾರ ಬೇರೊಂದು ಕಂಡಿತು. ಗ್ರಂಥಾಲಯದ ಕಪಾಟುಗಳ ಆರ್ಡರ್ ಇತ್ತು, ಪ್ರತಿ ಹಲಗೆಯ ಅಗಲ 305 ಮಿಲಿಮೀಟರ್. ಪ್ಲೈವುಡ್ ಹಾಳೆಯ ಅಗಲ 1220. ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 305 ಎಂದು ಲೆಕ್ಕ ಹಾಕಿ ಹಾಳೆಗಳನ್ನು ತರಿಸಿಬಿಟ್ಟಿದ್ದರು. ಗರಗಸದ ಅಲಗು ಪ್ರತಿ ಸೀಳಿಗೂ 3 ಮಿಲಿಮೀಟರ್ ಪುಡಿ ಮಾಡಿ ಚೆಲ್ಲುತ್ತದೆ; ಮೂರು ಸೀಳಿಗೆ ಒಂಬತ್ತು. ಪ್ರತಿ ಹಾಳೆಯಲ್ಲೂ ನಾಲ್ಕನೆಯ ತುಂಡು 296ಕ್ಕೆ ಬಂದು ಮೂಲೆ ಸೇರುತ್ತಿತ್ತು. ಅಲಗಿನ ಲೆಕ್ಕ ಬಡಗಿಗಳಿಗೆ ಗೊತ್ತಿಲ್ಲದ್ದೇನಲ್ಲ. ಆರ್ಡರ್ ಒಪ್ಪಿಕೊಳ್ಳುವಾಗ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಗಿರಾಕಿಯನ್ನು ವಿಚಾರಿಸಿದರೆ 300 ಆದರೂ ನಡೆಯುತ್ತದೆ ಎಂದರು. ಒಂದು ಫೋನ್ ಕರೆಯಿಂದ ಉಳಿದ ಪ್ರತಿ ಹಾಳೆಯಲ್ಲೂ ನಾಲ್ಕು ಹಲಗೆ ಸಿಕ್ಕವು, ನಾಲ್ಕನೆಯ ಸೀಳನ್ನೂ ಲೆಕ್ಕ ಹಿಡಿದು ಎಂಟು ಮಿಲಿಮೀಟರ್ ಮಿಕ್ಕಿತು.

ಆಮೇಲೆ ಅವರ ಗೋಡೆಯ ಮೇಲಿನ ಆರ್ಡರ್ ಚೀಟಿಗಳನ್ನು ತೆಗೆದು, ವಾರವಾರಕ್ಕೆ ಏನು ಕತ್ತರಿಸಬೇಕು, ಯಾವ ಹಾಳೆಯಿಂದ ಎಷ್ಟು, ಲ್ಯಾಮಿನೇಟ್ ಮತ್ತು ಬಾಗಿಲಿನ ಹಿಂಜ್‌ಗಳನ್ನು ಎಂದು ತರಿಸಬೇಕು ಎಂದು ಒಂದು ಪಟ್ಟಿ ಮಾಡಿದೆ. ಇದೇ ನನ್ನ ಹಳೆಯ ಕೆಲಸ. ಆದರೆ ಅಲ್ಲಿ ನಾನು ಪರದೆಯ ಮೇಲೆ ಜರುಗಿಸುತ್ತಿದ್ದ ಅಂಕಿಗಳು ಇಲ್ಲಿ ಎರಡು ಗಂಟೆಯಲ್ಲಿ ಹಲಗೆಗಳಾಗಿ ಎದುರು ಬಂದು ನಿಲ್ಲುತ್ತವೆ, ತಪ್ಪಿದ್ದರೆ ಹಿರಿಯ ಬಡಗಿ ಮುಖಕ್ಕೇ ಹೇಳುತ್ತಾರೆ. ಮಧ್ಯಾಹ್ನದ ಮೇಲೆ ಅವರ ಪಕ್ಕ ನಿಂತು ಕೆಲಸ ಕಲಿಯುತ್ತೇನೆ. ಈ ಕಾರ್ಖಾನೆಯದೇ ವ್ಯಾಪಾರದ ಇನ್ನಿಬ್ಬರು ಮಾಲೀಕರೂ ಕರೆದಿದ್ದಾರೆ.

ಒಂದೇ ಗೊಂದಲ: ದರ ಹೇಳುವುದು ಹೇಗೆ? ತಿಂಗಳಿಗೆ ಇಷ್ಟೆಂದೋ, ಆರ್ಡರಿಗೆ ಇಷ್ಟೆಂದೋ?

ಉತ್ತರ: ಮಸುಕು ನೆಗೆಟಿವ್

ತಿಂಗಳಿಗೇ ಹೇಳಿ. ಉಳಿಸಿಕೊಟ್ಟ ಹಾಳೆಯಲ್ಲಿ ಪಾಲು ಕೇಳಿದರೆ, ಮೊದಲು ಎಷ್ಟು ಪೋಲಾಗುತ್ತಿತ್ತು ಎಂಬ ವಾದ ಪ್ರತಿ ತಿಂಗಳೂ ಬರುತ್ತದೆ. ಆರ್ಡರಿನ ಲೆಕ್ಕಕ್ಕೆ ಒಪ್ಪಿದರೆ ಗಿರಾಕಿ ಮಾಲೀಕರಿಗೆ ಹಣ ಕೊಡುವವರೆಗೆ ನೀವೂ ಕಾಯಬೇಕಾಗುತ್ತದೆ. ಯಾವ ದಿನಗಳಲ್ಲಿ ಎಷ್ಟು ಗಂಟೆ ಬರುತ್ತೀರಿ, ಏನು ಮಾಡಿಕೊಡುತ್ತೀರಿ, ಯಾವ ತಾರೀಖಿನೊಳಗೆ ಹಣ ಕೊಡಬೇಕು ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ದರ ಪರಿಶೀಲನೆ ಎಂದೂ ಸೇರಿಸಿ. ಮೊದಲ ಸಲ ಹೇಳಿದ ದರ ಎಲ್ಲರದೂ ಕಡಿಮೆಯೇ ಇರುತ್ತದೆ, ನನ್ನದೂ ಹಾಗೆಯೇ ಇತ್ತು.

ಉತ್ತರ: ಹಗಲುಬತ್ತಿ

ಇನ್ನಿಬ್ಬರು ಮಾಲೀಕರನ್ನು ಒಪ್ಪಿಕೊಳ್ಳುವ ಮೊದಲು ಈಗಿನವರಿಗೆ ತಿಳಿಸಿಬಿಡಿ. ಒಂದೇ ವ್ಯಾಪಾರದವರಾದ್ದರಿಂದ ಒಬ್ಬರ ದರ ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬ ಅಳುಕು ಅವರಿಗೆ ಇದ್ದೇ ಇರುತ್ತದೆ. ಆ ಅರ್ಧ ಪುಟದಲ್ಲಿ ಅದಕ್ಕೂ ಒಂದು ಸಾಲು ಇರಲಿ. ಕಾಗದದ ಮೇಲೆ ಎಳೆದ ಎಂಟು ತಿಂಗಳ ಗೆರೆಯನ್ನು ಮಾತ್ರ ಇನ್ನೂ ಅಳಿಸಬೇಡಿ.